ಕುಲುಮೆಯ ಮನೆಯ ಗಣಿತಜ್ಞ: ಏಲೀ ಕಾರ್ತಾನ್

ಮಹನೀಯರ ಚರಿತ್ರೆಗಳನ್ನು ಓದುವಾಗ, ಅವರು ಐಶ್ವರ್ಯವುಳ್ಳ ಮನೆಗಳಲ್ಲಿಯೋ ಪಂಡಿತರ ಕುಟುಂಬಗಳಲ್ಲಿಯೋ ಜನಿಸಿದವರಾಗಿರಬೇಕೆಂದು ನಾವು ಎಣಿಸುವುದುಂಟು. ಅನೇಕರ ವಿಷಯದಲ್ಲಿ ಈ ಎಣಿಕೆಯು ಸರಿಯಾಗಿಯೂ ಇರಬಹುದು. ಆದರೆ ಗಣಿತಶಾಸ್ತ್ರಕ್ಕೆ ಹೊಸ ದಾರಿಯನ್ನು ಕಡಿದುಕೊಟ್ಟ ಫ್ರೆಂಚ್ ವಿದ್ವಾಂಸರಾದ ಏಲೀ ಕಾರ್ತಾನರು ಹುಟ್ಟಿ ಬೆಳೆದುದು ಒಂದು ಕುಲುಮೆಯ ಮಗ್ಗುಲಲ್ಲಿ. ವಸ್ತುಗಳು ಭೂಮಿಗೆ ಬೀಳುವುದೇಕೆ, ಗ್ರಹಗಳು ಸೂರ್ಯನನ್ನು ಸುತ್ತುವುದೇಕೆ ಎಂಬ ಪ್ರಶ್ನೆಗೆ ಐನ್‌ಸ್ಟೈನರು ಕೊಟ್ಟ ಉತ್ತರವನ್ನು ಪರಿಶೀಲಿಸಿ, ಅದರಲ್ಲಿ ಇನ್ನೂ ಒಂದು ಅಂಶಕ್ಕೆ ಎಡೆಯುಂಟೆಂದು ತೋರಿಸಿದವರು ಇವರೇ. ಇವರು ಊಹಿಸಿದ ಆ ಅಂಶವು ಸೃಷ್ಟಿಯಲ್ಲಿ ನಿಜವಾಗಿಯೂ ಇದೆಯೋ ಇಲ್ಲವೋ ಎಂಬುದನ್ನು, ಇವರು ತೀರಿಕೊಂಡು ಎಪ್ಪತ್ತು ವರ್ಷಗಳು ದಾಟಿದ ಮೇಲೆಯೂ ವಿಜ್ಞಾನಿಗಳು ಪರೀಕ್ಷಿಸುತ್ತಲೇ ಇದ್ದಾರೆ. ಇಂಥವರ ಜೀವನವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ತಿಳಿದುಕೊಳ್ಳುವುದು ಉಚಿತವೆಂದು ತೋರಿದುದರಿಂದ, ಅದನ್ನು ಇಲ್ಲಿ ಸಂಗ್ರಹವಾಗಿ ಬರೆದಿರುತ್ತೇನೆ.

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ, ಆಲ್ಪ್ಸ್ ಪರ್ವತಗಳಿಗೆ ಅನತಿದೂರದಲ್ಲಿ, ಈಸೇರ್ ಎಂಬ ಜಿಲ್ಲೆಯುಂಟು. ಆ ಜಿಲ್ಲೆಯ ದೊಲೋಮ್ಯೂ ಎಂಬ ಹಳ್ಳಿಯಲ್ಲಿ ಜೋಸೆಫ್ ಕಾರ್ತಾನನೆಂಬ ಕಮ್ಮಾರನಿದ್ದನು. ಊರಿನ ಕುದುರೆಗಳಿಗೆ ಲಾಳ ಕಟ್ಟುವುದೂ ಕಬ್ಬಿಣದ ಕೆಲಸಗಳನ್ನು ಮಾಡುವುದೂ ಆತನ ಕಸುಬಾಗಿತ್ತು. ಆತನಿಗೂ ಆತನ ಪತ್ನಿಯಾದ ಆನ್ ಎಂಬಾಕೆಗೂ ನಾಲ್ವರು ಮಕ್ಕಳು. ೧೮೬೭ರಲ್ಲಿ ಹಿರಿಯ ಮಗಳು ಜಾನ್ ಮರೀ, ೧೮೬೯ನೆಯ ಇಸವಿ ಏಪ್ರಿಲ್ ೯ನೆಯ ತಾರೀಖಿನಲ್ಲಿ ಏಲೀ, ೧೮೭೨ರಲ್ಲಿ ಲೇಯೋನ್, ೧೮೭೮ರಲ್ಲಿ ಕಿರಿಯ ಮಗಳು ಆನಾ ಜನಿಸಿದರು. ಏಲೀ ಎಂಬುದು ನಮ್ಮ ಸತ್ಯವೇದದ ಪ್ರವಾದಿಯಾದ ಎಲೀಯನ ಹೆಸರಿನ ಫ್ರೆಂಚ್ ರೂಪವೇ ಆಗಿದೆ. ಬೆಳಗಿನ ಜಾವದಿಂದಲೇ ಸುತ್ತಿಗೆಯು ಅಡಿಗಲ್ಲಿನ ಮೇಲೆ ಬೀಳುವ ಸದ್ದು, ಮನೆಗೆಲಸದ ನಡುವೆ ಬಿಡುವು ದೊರೆತಾಗಲೆಲ್ಲಾ ತಾಯಿಯು ತಿರುಗಿಸುತ್ತಿದ್ದ ರಾಟೆಯ ಸದ್ದು, ಇವೆರಡೂ ತಮ್ಮ ಬಾಲ್ಯದ ಸಂಗೀತವಾಗಿದ್ದುವೆಂಬುದನ್ನು ಕಾರ್ತಾನರು ಮುಪ್ಪಿನಲ್ಲಿಯೂ ಮರೆಯಲಿಲ್ಲ.

ಹುಡುಗನು ಊರಿನ ಪ್ರಾಥಮಿಕ ಪಾಠಶಾಲೆಗೆ ಹೋಗುತ್ತಿದ್ದನು. ಆತನು ನಾಚಿಕೆಯ ಸ್ವಭಾವದವನು, ಮಾತು ಕಡಿಮೆ. ಆದರೆ ಓದಿನಲ್ಲಿ ಆತನನ್ನು ಮೀರಿಸುವವರು ಆ ಶಾಲೆಯಲ್ಲಿರಲಿಲ್ಲ. ಹೀಗಿರುವಲ್ಲಿ ಆಂತೊನೇನ್ ದ್ಯೂಬೊ ಎಂಬ ಯುವಕರು ಆ ಭಾಗದ ಶಾಲೆಗಳನ್ನು ನೋಡುವುದಕ್ಕಾಗಿ ಬಂದರು. ಇವರು ಮುಂದೆ ರಾಜಕಾರಣದಲ್ಲಿ ಮೇಲೇರಿ ಫ್ರಾನ್ಸ್ ದೇಶದ ಸೆನೆಟ್ ಸಭೆಗೆ ಅಧ್ಯಕ್ಷರಾದವರು. ಕಮ್ಮಾರನ ಮಗನ ಬುದ್ಧಿಯು ಇವರ ಕಣ್ಣಿಗೆ ಬಿದ್ದಿತು. ಈ ಹುಡುಗನನ್ನು ಸರಕಾರದ ವಿದ್ಯಾರ್ಥಿವೇತನದ ಪರೀಕ್ಷೆಗೆ ಕುಳ್ಳಿರಿಸಬೇಕೆಂದು ಇವರು ಸಲಹೆಯಿತ್ತರು. ಉಪಾಧ್ಯಾಯರಾದ ದ್ಯೂಪ್ವೀ ಎಂಬವರು ಶ್ರಮವಹಿಸಿ ಪಾಠ ಹೇಳಿದರು. ಗ್ರೆನೋಬಲ್ ನಗರದಲ್ಲಿ ಪರೀಕ್ಷೆ ನಡೆಯಿತು, ಹುಡುಗನು ಗೆದ್ದನು. ಹತ್ತು ವರ್ಷದ ಬಾಲಕನು ಮನೆಯನ್ನು ಬಿಟ್ಟು ವಿಯೆನ್ ಎಂಬ ಪಟ್ಟಣದ ಶಾಲೆಗೆ ಹೊರಟನು. ಒಬ್ಬ ಸಂದರ್ಶಕರ ನೋಟ, ಒಬ್ಬ ಉಪಾಧ್ಯಾಯರ ಶ್ರಮ, ಒಂದು ವಿದ್ಯಾರ್ಥಿವೇತನ, ಇವು ಮೂರೂ ಕೂಡಿಬರದೆ ಹೋಗಿದ್ದರೆ ಆ ತಲಾಂತು ನೆಲದಲ್ಲಿ ಹೂತುಹೋಗುತ್ತಿತ್ತಲ್ಲದೆ ಮತ್ತೇನಾಗುತ್ತಿತ್ತು?

ವಿಯೆನ್ನಿನಲ್ಲಿ ಐದು ವರ್ಷ, ಬಳಿಕ ಗ್ರೆನೋಬಲ್ಲಿನ ಪ್ರೌಢಶಾಲೆ, ಬಳಿಕ ಪ್ಯಾರಿಸಿನ ಒಂದು ಪ್ರೌಢಶಾಲೆ, ಹೀಗೆ ಓದು ಮುಂದುವರಿಯಿತು. ೧೮೮೮ರಲ್ಲಿ ಕಾರ್ತಾನರು ಪ್ಯಾರಿಸಿನ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಲಯವನ್ನು ಸೇರಿದರು. ಅಲ್ಲಿನ ವ್ಯಾಸಂಗವನ್ನು ೧೮೯೧ರಲ್ಲಿ ಮುಗಿಸಿ ಒಂದು ವರ್ಷ ಸೈನ್ಯದಲ್ಲಿದ್ದು ಸಾರ್ಜೆಂಟ್ ಪದವಿಯನ್ನು ಪಡೆದರು. ೧೮೯೪ರಲ್ಲಿ ತಮ್ಮ ಡಾಕ್ಟರ್ ಪದವಿಯ ಪ್ರಬಂಧವನ್ನು ಸಮರ್ಪಿಸಿದರು. ನಾರ್ವೆ ದೇಶದ ಸೋಫಸ್ ಲೀ ಎಂಬವರು ಆರಂಭಿಸಿದ, ಪರಿವರ್ತನೆಗಳ ಸಮೂಹಗಳನ್ನು ಕುರಿತ ಶಾಸ್ತ್ರವೇ ಅದರ ವಿಷಯ. ಜರ್ಮನಿಯ ಕಿಲ್ಲಿಂಗ್ ಎಂಬ ಉಪಾಧ್ಯಾಯರು ಈ ಸಮೂಹಗಳನ್ನು ವಿಂಗಡಿಸಲು ಮಹತ್ಪ್ರಯತ್ನವನ್ನು ಮಾಡಿದ್ದರೂ ಅವರ ಸಾಧನೆಯಲ್ಲಿ ಕೆಲವು ದೋಷಗಳು ಉಳಿದಿದ್ದುವು. ಇಪ್ಪತ್ತೈದು ವರ್ಷದ ಕಾರ್ತಾನರು ಅವನ್ನು ತಿದ್ದಿ ಕಟ್ಟಡವನ್ನು ಭದ್ರಪಡಿಸಿದರು.

ಆ ಮೇಲೆ ಮೊಂಪೆಲ್ಯೇ, ಲಿಯೋನ್, ನಾನ್ಸಿ ನಗರಗಳ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಾಗಿದ್ದು, ೧೯೦೯ರಲ್ಲಿ ಪ್ಯಾರಿಸಿನ ಸೊರ್ಬಾನ್ ವಿಶ್ವವಿದ್ಯಾನಿಲಯಕ್ಕೆ ಬಂದರು. ೧೯೧೨ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು. ೧೯೦೩ರಲ್ಲಿ ಮರೀ ಲೂಯೀಸ್ ಬ್ಯಾಂಕೋನಿ ಎಂಬಾಕೆಯನ್ನು ವಿವಾಹವಾಗಿ ಆನ್ರಿ, ಜಾನ್, ಲೂಯಿ ಎಂಬ ಮೂವರು ಗಂಡುಮಕ್ಕಳನ್ನೂ ಎಲೆನ್ ಎಂಬ ಮಗಳನ್ನೂ ಪಡೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪುನಃ ಸಾರ್ಜೆಂಟರಾಗಿ, ತಾವು ಓದಿದ ಎಕೋಲ್ ನಾರ್ಮಾಲ್ ಕಟ್ಟಡದಲ್ಲಿಯೇ ಏರ್ಪಟ್ಟಿದ್ದ ಆಸ್ಪತ್ರೆಯಲ್ಲಿ ಸೇವೆಮಾಡಿದರು. ಗಾಯಾಳುಗಳ ಆ ಮನೆಯಲ್ಲಿಯೂ ಅವರ ಗಣಿತದ ಕೆಲಸವು ನಿಲ್ಲಲಿಲ್ಲ.

ಇನ್ನು ಅವರ ಹೆಸರನ್ನು ಗುರುತ್ವಾಕರ್ಷಣದೊಂದಿಗೆ ಜೋಡಿಸಿದ ಸಂಗತಿಯನ್ನು ಹೇಳಬೇಕು. ಐನ್‌ಸ್ಟೈನರು ೧೯೧೫ರಲ್ಲಿ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ದೇಶ ಮತ್ತು ಕಾಲ ಇವೆರಡೂ ಬೇರೆಬೇರೆಯಲ್ಲ, ಒಂದೇ ಹಾಸು. ಭಾರವಾದ ವಸ್ತುವಿನ ಬಳಿ ಆ ಹಾಸು ಬಾಗುತ್ತದೆ. ಆ ಬಾಗನ್ನೇ ನಾವು ಆಕರ್ಷಣವೆಂದು ಕರೆಯುತ್ತೇವೆ ಎಂಬುದು ಅದರ ಸಾರ. ಬಾಗು ಎಂದರೇನು? ಭೂಮಧ್ಯರೇಖೆಯ ಮೇಲೆ ನಿಂತು ಒಂದು ಕೋಲನ್ನು ಉತ್ತರಕ್ಕೆ ಮುಖಮಾಡಿ ಹಿಡಿದು, ಅದನ್ನು ಎಲ್ಲಿಯೂ ತಿರುಗಿಸದೆ ಉತ್ತರ ಧ್ರುವಕ್ಕೆ ಹೋಗಿ, ಅಲ್ಲಿಂದ ಪೂರ್ವಕ್ಕೆ ಭೂಮಿಯ ಸುತ್ತಳತೆಯ ಕಾಲುಪಾಲು ದೂರವಿರುವ ಇನ್ನೊಂದು ರೇಖಾಂಶದ ಮೇಲೆ ಇಳಿದು, ಭೂಮಧ್ಯರೇಖೆಯ ಮೇಲೆಯೇ ನಡೆದು ಹೊರಟ ಸ್ಥಳಕ್ಕೆ ಮರಳಿದರೆ, ಕೋಲು ಉತ್ತರವನ್ನು ಬಿಟ್ಟು ಪೂರ್ವಕ್ಕೆ ಮುಖಮಾಡಿರುವುದು. ಯಾರೂ ತಿರುಗಿಸದ ಕೋಲು ತಿರುಗಿದುದು ನೆಲವು ಉರುಟಾಗಿರುವುದರಿಂದಲೇ.

ಕಾರ್ತಾನರು ೧೯೨೨ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಈ ಹಾಸಿಗೆ ಬಾಗಲ್ಲದೆ ಇನ್ನೊಂದು ಗುಣವೂ ಇರಬಹುದೆಂದು ತೋರಿಸಿದರು. ಅದಕ್ಕೆ ತಿರುಚು ಎಂಬ ಅರ್ಥದ ಹೆಸರನ್ನಿಟ್ಟರು. ಹೊಲಿಗೆಯ ತರಗತಿಯಲ್ಲಿ ಎಳೆಗಳನ್ನೆಣಿಸಿ ಕಸೂತಿ ಹಾಕಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಗ್ರಹಿಸುವುದು ಕಷ್ಟವಲ್ಲ. ಬಟ್ಟೆಯ ಮೇಲೆ ಒಂದು ಬಿಂದುವಿನಿಂದ ಹತ್ತು ಎಳೆ ಬಲಕ್ಕೂ ಹತ್ತು ಎಳೆ ಮೇಲಕ್ಕೂ ಎಣಿಸಿದರೆ ಒಂದು ಸ್ಥಳಕ್ಕೆ ಬರುವೆವು. ಮೊದಲು ಮೇಲಕ್ಕೆ, ಆಮೇಲೆ ಬಲಕ್ಕೆ ಎಣಿಸಿದರೂ ಅದೇ ಸ್ಥಳಕ್ಕೆ ಬರಬೇಕು. ಆದರೆ ನೇಯುವಾಗ ಒಂದು ಎಳೆಯು ಬಟ್ಟೆಯ ನಡುವೆಯೇ ಮುಗಿದುಹೋಗಿದ್ದರೆ, ಆ ಸ್ಥಳವನ್ನು ಸುತ್ತುವರಿದು ಎಣಿಸಿದ ಎರಡು ದಾರಿಗಳು ಒಂದೇ ತುದಿಯನ್ನು ಮುಟ್ಟುವುದಿಲ್ಲ; ನಡುವೆ ಒಂದು ಎಳೆಯಷ್ಟು ಸಂದು ಉಳಿಯುವುದು. ದೇಶಕಾಲದ ಹಾಸಿನಲ್ಲಿ ಎಲ್ಲೆಲ್ಲಿಯೂ ಇಂಥ ಸಂದು ಬೆರೆತಿದ್ದರೆ ಅದೇ ತಿರುಚು. ಸುರುಳಿಯಾಗಿ ಏರುವ ಮೆಟ್ಟಿಲುಗಳ ದೃಷ್ಟಾಂತವನ್ನು ಕಾರ್ತಾನರೇ ಕೊಟ್ಟಿರುವರು. ಒಂದು ಸುತ್ತು ಬಂದೆವೆಂದುಕೊಂಡರೂ ನಾವು ಹೊರಟಲ್ಲಿಗೆ ಬಂದಿರುವುದಿಲ್ಲ, ಒಂದು ಅಂತಸ್ತು ಮೇಲಿರುತ್ತೇವೆ.

ಅದೇ ೧೯೨೨ರ ವಸಂತಕಾಲದಲ್ಲಿ ಐನ್‌ಸ್ಟೈನರು ಪ್ಯಾರಿಸಿಗೆ ಬಂದಿದ್ದರು. ಗಣಿತಜ್ಞರಾದ ಅದಮಾರರ ಮನೆಯಲ್ಲಿ ಕಾರ್ತಾನರು ಅವರಿಗೆ ತಮ್ಮ ವಿಚಾರವನ್ನು ವಿವರಿಸಿದರು. ಅದು ಅತಿಥಿಯ ಮನಸ್ಸಿಗೆ ಹತ್ತಲಿಲ್ಲ. ಆರು ವರ್ಷಗಳ ತರುವಾಯ, ೧೯೨೮ರಲ್ಲಿ, ಐನ್‌ಸ್ಟೈನರು ಬಾಗಿಲ್ಲದೆ ತಿರುಚು ಮಾತ್ರವಿರುವ ಒಂದು ಹೊಸ ಸಿದ್ಧಾಂತವನ್ನು ತಾವೇ ಕಂಡುಹಿಡಿದುದಾಗಿ ಪ್ರಕಟಿಸಿದರು. ಲೋಕವೆಲ್ಲಾ ಅವರನ್ನು ಕೊಂಡಾಡುತ್ತಿತ್ತು. ಇಂಥ ಸಮಯದಲ್ಲಿ ಮತ್ತೊಬ್ಬರಾಗಿದ್ದರೆ ಪತ್ರಿಕೆಗಳಲ್ಲಿ ದೊಡ್ಡ ವಿವಾದವನ್ನೆಬ್ಬಿಸುತ್ತಿದ್ದರು. ಕಾರ್ತಾನರು ಹಾಗೆ ಮಾಡಲಿಲ್ಲ. ೧೯೨೯ರ ಮೇ ತಿಂಗಳಿನಲ್ಲಿ ಐನ್‌ಸ್ಟೈನರಿಗೆ ಒಂದು ಸೌಮ್ಯವಾದ ಪತ್ರವನ್ನು ಬರೆದು, ಹಿಂದಿನ ಲೇಖನವನ್ನೂ ಅದಮಾರರ ಮನೆಯ ಸಂಭಾಷಣೆಯನ್ನೂ ನೆನಪಿಗೆ ತಂದರು. ಐನ್‌ಸ್ಟೈನರೂ ದೊಡ್ಡ ಮನಸ್ಸಿನವರೇ. ಅಂದು ತಮಗೆ ಆ ವಿವರಣೆಯು ಅರ್ಥವಾಗಿರಲಿಲ್ಲವೆಂಬುದನ್ನು ಮುಚ್ಚಿಡದೆ ಒಪ್ಪಿಕೊಂಡು, ಈ ವಿಷಯದ ಪೂರ್ವಚರಿತ್ರೆಯನ್ನು ಕಾರ್ತಾನರೇ ಬರೆಯಬೇಕೆಂದು ಕೇಳಿಕೊಂಡರು. ಆ ಲೇಖನವು ೧೯೩೦ರಲ್ಲಿ ಅಚ್ಚಾಯಿತು. ಹೀಗೆ ವ್ಯಾಜ್ಯವಾಗಬಹುದಾಗಿದ್ದುದು ಸ್ನೇಹವಾಯಿತು. ೧೯೩೨ರವರೆಗೆ ಅವರಿಬ್ಬರೂ ಬರೆದುಕೊಂಡ ಪತ್ರಗಳು ೧೯೭೯ರಲ್ಲಿ ಪುಸ್ತಕರೂಪವಾಗಿ ಹೊರಬಂದಿವೆ. ಆ ಹೊಸ ಸಿದ್ಧಾಂತವನ್ನಾದರೋ ಐನ್‌ಸ್ಟೈನರು ಕೆಲವೇ ವರ್ಷಗಳಲ್ಲಿ ಕೈಬಿಟ್ಟರು.

ಕೀರ್ತಿಯು ಕಾರ್ತಾನರಿಗೆ ತಡವಾಗಿ ಬಂದಿತು. ಅವರ ಬರಹಗಳು ಕಠಿಣವಾಗಿದ್ದುವು. ತಮ್ಮನ್ನು ತಾವೇ ಮುಂದಕ್ಕೆ ತಂದುಕೊಳ್ಳುವ ಅಭ್ಯಾಸವೂ ಅವರಿಗಿರಲಿಲ್ಲ. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡುದು ೧೯೩೧ರಲ್ಲಿ, ಅವರ ಅರುವತ್ತೊಂದನೆಯ ವಯಸ್ಸಿನಲ್ಲಿ. ಶಿಷ್ಯರ ವಿಷಯದಲ್ಲಿ ಅವರ ಔದಾರ್ಯವು ಹೇಳತೀರದು. ಚೀನಾ ದೇಶದಿಂದ ೧೯೩೬ರಲ್ಲಿ ಬಂದ ಚರ್ನ್ ಎಂಬ ಯುವಕನನ್ನು ಎರಡು ವಾರಗಳಿಗೊಮ್ಮೆ ತಮ್ಮ ಮನೆಗೇ ಬರಮಾಡಿಕೊಂಡು ಗಣಿತವನ್ನು ಚರ್ಚಿಸುತ್ತಿದ್ದರು. ಅಂದು ಮಾತಿನಲ್ಲಿ ಬಿಟ್ಟುಹೋದುದನ್ನು ಮರುದಿನ ಪತ್ರದಲ್ಲಿ ಬರೆದು ಕಳುಹಿಸುತ್ತಿದ್ದುದೂ ಉಂಟು. ಆ ಯುವಕನು ಮುಂದೆ ತನ್ನ ಕಾಲದ ಶ್ರೇಷ್ಠ ಗಣಿತಜ್ಞರಲ್ಲಿ ಒಬ್ಬನಾದನು.

ಕೀರ್ತಿಯೊಂದಿಗೆ ದುಃಖವೂ ಬಂದಿತು. ಸಂಗೀತ ರಚನೆಯಲ್ಲಿ ಹೆಸರು ಪಡೆಯುತ್ತಿದ್ದ ಎರಡನೆಯ ಮಗ ಜಾನನು ೧೯೩೨ರಲ್ಲಿ, ಇಪ್ಪತ್ತೈದು ವರ್ಷದವನಾಗಿದ್ದಾಗ, ಕ್ಷಯರೋಗದಿಂದ ತೀರಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಆಕ್ರಮಿಸಿದಾಗ, ಭೌತಶಾಸ್ತ್ರಜ್ಞನಾಗಿದ್ದ ಮೂರನೆಯ ಮಗ ಲೂಯಿಯು ದೇಶದ ಬಿಡುಗಡೆಗಾಗಿ ರಹಸ್ಯವಾಗಿ ದುಡಿಯುತ್ತಿದ್ದವರನ್ನು ಸೇರಿದನು. ೧೯೪೨ರಲ್ಲಿ ಆತನನ್ನು ಹಿಡಿದರು, ಜರ್ಮನಿಗೆ ಸಾಗಿಸಿದರು, ೧೯೪೩ರ ಡಿಸೆಂಬರಿನಲ್ಲಿ ಶಿರಚ್ಛೇದ ಮಾಡಿದರು. ಈ ವಾರ್ತೆಯು ತಾಯಿತಂದೆಗಳಿಗೆ ತಿಳಿದುದು ೧೯೪೫ರ ಮೇ ತಿಂಗಳಿನಲ್ಲಿ. ಅಷ್ಟು ದೀರ್ಘಕಾಲ ಮಗನು ಬರುವನೆಂದು ಕಾದಿದ್ದ ಆ ವೃದ್ಧ ದಂಪತಿಗಳ ಸಂಕಟವನ್ನು ಮಕ್ಕಳುಳ್ಳವರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಹಿರಿಯ ಮಗ ಆನ್ರಿಯು ತಂದೆಯಂತೆಯೇ ಮಹಾಗಣಿತಜ್ಞನಾಗಿ, ೧೦೪ ವರ್ಷ ಬದುಕಿ, ೨೦೦೮ರಲ್ಲಿ ಕಾಲವಾದನು. ಮಗಳು ಎಲೆನಳೂ ಗಣಿತವನ್ನೇ ಓದಿ ಪ್ರೌಢಶಾಲೆಗಳಲ್ಲಿ ಉಪಾಧ್ಯಾಯಿನಿಯಾದಳು.

ಕಾರ್ತಾನರು ೧೯೪೦ರಲ್ಲಿ ಸೊರ್ಬಾನಿನಿಂದ ನಿವೃತ್ತರಾದರು. ಆದರೆ ಸುಮ್ಮನೆ ಕುಳ್ಳಿರಲಿಲ್ಲ. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಪಾಠ ಹೇಳಿದುದು, ಉಪಾಧ್ಯಾಯಿನಿಯರನ್ನು ತರಬೇತುಗೊಳಿಸುವ ಹೆಣ್ಣುಮಕ್ಕಳ ಎಕೋಲ್ ನಾರ್ಮಾಲ್ ವಿದ್ಯಾಲಯದಲ್ಲಿ. ಲೋಕಪ್ರಸಿದ್ಧರಾದ ಪಂಡಿತರು ಇಳಿವಯಸ್ಸಿನಲ್ಲಿ ಮುಂದಿನ ಉಪಾಧ್ಯಾಯಿನಿಯರ ಮುಂದೆ ನಿಂತು ಗಣಿತವನ್ನು ಕಲಿಸಿದರೆಂಬುದು ನಮ್ಮಂಥ ಶಾಲೆಯವರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿಯಾಗಿದೆ. ೧೯೫೧ನೆಯ ಇಸವಿ ಮೇ ೬ನೆಯ ತಾರೀಖು ಅವರು ಪ್ಯಾರಿಸಿನಲ್ಲಿ ದೈವಾಧೀನರಾದರು.

ಅವರ ತಿರುಚಿನ ವಿಚಾರವಾದರೋ ಅವರೊಂದಿಗೆ ಸಾಯಲಿಲ್ಲ. ಅವರು ಅದನ್ನು ಬರೆದಾಗ ಎಲೆಕ್ಟ್ರಾನಿಗೆ ಬುಗುರಿಯಂತೆ ತನ್ನದೇ ಆದ ಭ್ರಮಣಗುಣವೊಂದಿದೆಯೆಂಬುದು ಲೋಕಕ್ಕೆ ತಿಳಿದಿರಲಿಲ್ಲ. ಅದು ತಿಳಿದುದು ೧೯೨೫ರಲ್ಲಿ. ೧೯೬೧ರಲ್ಲಿ ಕಿಬಲ್ ಎಂಬವರೂ ೧೯೬೨ರಲ್ಲಿ ಷಾಮ ಎಂಬವರೂ, ವಸ್ತುವಿನ ಭಾರವು ದೇಶಕಾಲವನ್ನು ಬಾಗಿಸುವಂತೆ ಕಣಗಳ ಈ ಸ್ವಭ್ರಮಣವು ಅದನ್ನು ತಿರುಚುವುದೆಂದು ಪ್ರತಿಪಾದಿಸಿದರು. ಇದಕ್ಕೆ ಐನ್‌ಸ್ಟೈನ್-ಕಾರ್ತಾನ್ ಸಿದ್ಧಾಂತವೆಂದು ಹೆಸರಾಯಿತು. ಇದರ ಪ್ರಕಾರ ತಿರುಚು ವಸ್ತುವಿನ ಒಳಗೆ ಮಾತ್ರ ಇರುವುದು, ಬರಿದಾದ ಆಕಾಶದಲ್ಲಿ ಹರಡುವುದಿಲ್ಲ. ಅದರ ಪರಿಣಾಮವು ಎದ್ದುಕಾಣಬೇಕಾದರೆ ಪರಮಾಣುವಿನ ಗರ್ಭಕ್ಕಿಂತಲೂ ಎಷ್ಟೋ ಕೋಟಿ ಕೋಟಿ ಪಾಲು ಒತ್ತಾದ ವಸ್ತು ಬೇಕು. ಅಂಥ ವಸ್ತು ಯಾವ ಪ್ರಯೋಗಶಾಲೆಯಲ್ಲಿಯೂ ದೊರೆಯದು. ಆದರೆ ತಿರುಚು ಹೊರಗೂ ಹರಡುವುದೆಂದು ಹೇಳುವ ಬೇರೆ ಸಿದ್ಧಾಂತಗಳೂ ಇವೆ, ಅವನ್ನು ಪರೀಕ್ಷಿಸಬಹುದು.

೨೦೦೪ನೆಯ ಇಸವಿ ಏಪ್ರಿಲ್ ೨೦ರಂದು ಅಮೆರಿಕದವರು ಒಂದು ಉಪಗ್ರಹವನ್ನು ಸುಮಾರು ೬೪೦ ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿದರು. ಅದರೊಳಗೆ ೩.೮ ಸೆಂಟಿಮೀಟರ್ ಅಡ್ಡಳತೆಯ, ಸ್ಫಟಿಕಶಿಲೆಯಿಂದ ಮಾಡಿದ, ನಾಲ್ಕು ನುಣುಪಾದ ಗೋಲಗಳು ಬುಗುರಿಗಳಂತೆ ತಿರುಗುತ್ತಿದ್ದುವು. ಒಂದು ಅಂಶವನ್ನು ೩,೬೦೦ ಪಾಲು ಮಾಡಿದರೆ ಒಂದು ಪಾಲಿಗೆ ವಿಕಲೆಯೆಂದು ಹೆಸರು. ಐನ್‌ಸ್ಟೈನರ ಲೆಕ್ಕದಂತೆ, ದೇಶಕಾಲದ ಬಾಗಿನಿಂದ ಬುಗುರಿಯ ಅಚ್ಚು ವರ್ಷಕ್ಕೆ ೬.೬೦೬ ವಿಕಲೆಯಷ್ಟು ಓರೆಯಾಗಬೇಕು. ೨೦೧೧ರಲ್ಲಿ ಪ್ರಕಟವಾದ ಅಳತೆಯು ೬.೬೦೨ ವಿಕಲೆ, ಅದರಲ್ಲಿ ಸಂಭವಿಸಬಹುದಾದ ತಪ್ಪು ೦.೦೧೮ ವಿಕಲೆ. ಇದಕ್ಕಿಂತ ಹೆಚ್ಚಿನ ಹೊಂದಿಕೆಯನ್ನು ಯಾರು ಬಯಸಿಯಾರು? ಈ ಬುಗುರಿಗಳಿಂದಲೇ ತಿರುಚಿಗೂ ಮಿತಿಯನ್ನು ಕಟ್ಟಬಹುದೆಂದು ನಾಲ್ವರು ವಿಜ್ಞಾನಿಗಳು ೨೦೦೭ರಲ್ಲಿ ಬರೆದಿದ್ದರು. ಆದರೆ ಜರ್ಮನಿಯ ಹೇಲ್ ಮೊದಲಾದವರು ಇದನ್ನು ಒಪ್ಪಲಿಲ್ಲ. ತಿರುಚನ್ನು ಅರಿಯುವುದು ಕಣಗಳ ಸ್ವಭ್ರಮಣವೇ ಹೊರತು ಗೋಲದ ಹೊರಗಿನ ತಿರುಗಾಟವಲ್ಲ, ಆದುದರಿಂದ ಸ್ಫಟಿಕದ ಬುಗುರಿಯು ಇದಕ್ಕೆ ತಕ್ಕ ಸಾಧನವಲ್ಲ ಎಂಬುದು ಅವರ ವಾದ. ಚಿನ್ನವನ್ನು ಅಳೆಯಲು ಮೊಳಗೋಲನ್ನು ತಂದರೆ ಏನು ಪ್ರಯೋಜನ?

ತಕ್ಕ ಸಾಧನವೂ ದೊರೆಯಿತು. ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಅಯಸ್ಕಾಂತಗಳನ್ನು ಜಾಣ್ಮೆಯಿಂದ ಜೋಡಿಸಿ, ಹೊರಗೆ ಅಯಸ್ಕಾಂತದ ಸೆಳೆತವೇ ಬಹುಮಟ್ಟಿಗೆ ಕಾಣದಂತೆಯೂ, ಒಳಗೆ ೧ರ ಮುಂದೆ ೨೩ ಸೊನ್ನೆಗಳನ್ನಿಟ್ಟಷ್ಟು ಎಲೆಕ್ಟ್ರಾನುಗಳ ಸ್ವಭ್ರಮಣವು ಒಂದೇ ಕಡೆಗೆ ಮುಖಮಾಡಿರುವಂತೆಯೂ ಮಾಡಿ, ಆ ಗುಂಡನ್ನು ಕೂದಲಿನಂಥ ತಂತಿಯಿಂದ ತೂಗಬಿಟ್ಟರು. ದಿಕ್ಕಿಗೆ ತಕ್ಕಂತೆ ಅದು ಎಳ್ಳಷ್ಟಾದರೂ ಹೊರಳುವುದೋ ಎಂದು ಕಾದು ನೋಡಿದರು, ಹೊರಳಲಿಲ್ಲ. ಈ ಬಗೆಯ ಪ್ರಯೋಗಗಳ ಫಲಗಳನ್ನು ಕೂಡಿಸಿ ೨೦೦೮ರಲ್ಲಿ ಮೂವರು ವಿಜ್ಞಾನಿಗಳು, ತಿರುಚಿಗೆ ಇರಬಹುದಾದ ೨೪ ಸ್ವತಂತ್ರ ಅಂಗಗಳಲ್ಲಿ ೧೯ಕ್ಕೆ ಅತ್ಯಂತ ಬಿಗಿಯಾದ ಮಿತಿಗಳನ್ನು ಗೊತ್ತುಮಾಡಿದರು. ನಮ್ಮ ಸುತ್ತಲಿನ ಆಕಾಶದಲ್ಲಿ ತಿರುಚು ಇದ್ದರೂ ಅದು ಊಹೆಗೂ ನಿಲುಕದಷ್ಟು ಅಲ್ಪವಾದುದೆಂದು ಇದರಿಂದ ತಿಳಿಯಿತು. ವಸ್ತುವಿನ ಒಳಗೇ ಅಡಗಿರುವ ತಿರುಚನ್ನಾದರೋ ಯಾರೂ ಕಂಡಿಲ್ಲ. ಇಲ್ಲವೆಂದು ಸಾಧಿಸಿದವರೂ ಇಲ್ಲ.

ಹಾಗಾದರೆ ಕಾರ್ತಾನರ ಶ್ರಮವು ವ್ಯರ್ಥವಾಯಿತೆ? ಇಲ್ಲ. ಮೊದಲನೆಯದಾಗಿ, ಅವರು ನಿರ್ಮಿಸಿದ ಗಣಿತವು ತಿರುಚು ಇರಲಿ ಬಿಡಲಿ, ಇಂದಿನ ಭೌತಶಾಸ್ತ್ರಕ್ಕೆ ನಿತ್ಯದ ಉಪಕರಣವಾಗಿದೆ. ಎರಡನೆಯದಾಗಿ, ಇನ್ನೊಂದು ಸಾಧ್ಯತೆಯುಂಟೆಂದು ಒಬ್ಬರು ತೋರಿಸಿದುದರಿಂದಲೇ ಐನ್‌ಸ್ಟೈನರ ಸಿದ್ಧಾಂತವು ಪುಟಕ್ಕೆ ಬಿದ್ದ ಚಿನ್ನದಂತೆ ಶೋಧಿಸಲ್ಪಟ್ಟಿತು. ಪ್ರಸಿದ್ಧರು ಹೇಳಿದರೆಂಬುದಕ್ಕಾಗಿ ಒಪ್ಪಿಬಿಡದೆ ಪರಿಶೋಧಿಸಿ ನೋಡಬೇಕೆಂಬುದು ಥೆಸಲೋನಿಕದ ಸಭೆಗೆ ಅಪೊಸ್ತಲನಾದ ಪೌಲನು ಕೊಟ್ಟ ಬುದ್ಧಿಯೂ ಆಗಿದೆ. ಸಂಶಯವೂ ಪರೀಕ್ಷೆಯೂ ಸತ್ಯಕ್ಕೆ ಹಗೆಗಳಲ್ಲ. ಅವು ಸತ್ಯದ ಸೇವಕರು.

ಮುಗಿಸುವ ಮೊದಲು ಆ ಕುಲುಮೆಯ ಮನೆಯ ಹೆಣ್ಣುಮಕ್ಕಳಿಬ್ಬರ ಮಾತನ್ನು ಹೇಳಬೇಕು. ಹಿರಿಯವಳಾದ ಜಾನ್ ಮರೀಯು ಬಟ್ಟೆ ಹೊಲಿಯುವವಳಾದಳು. ಕಿರಿಯವಳಾದ ಆನಾ, ಅಣ್ಣನ ಪ್ರೋತ್ಸಾಹದಿಂದ ಗಣಿತವನ್ನು ಓದಿ, ಸೆವ್ರ್ ಎಂಬಲ್ಲಿದ್ದ ಹೆಣ್ಣುಮಕ್ಕಳ ಎಕೋಲ್ ನಾರ್ಮಾಲ್ ವಿದ್ಯಾಲಯದಲ್ಲಿ ತೇರ್ಗಡೆ ಹೊಂದಿ, ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿ, ಅವರಿಗಾಗಿ ಅಂಕಗಣಿತ ಮತ್ತು ರೇಖಾಗಣಿತದ ಪಾಠಪುಸ್ತಕಗಳನ್ನು ಬರೆದು, ೧೯೨೩ರಲ್ಲಿ ತೀರಿಕೊಂಡಳು. ಇಬ್ಬರೂ ಒಂದೇ ತಾಯಿಯ ಮಕ್ಕಳು. ಒಂದೇ ಅಡಿಗಲ್ಲಿನ ಸದ್ದನ್ನು ಕೇಳಿ ಬೆಳೆದವರು. ಅವರ ನಡುವೆ ಇದ್ದ ಅಂತರವು ಹನ್ನೊಂದು ವರ್ಷ ಮಾತ್ರ. ಆದರೆ ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಪ್ರೌಢಶಾಲೆಗಳನ್ನು ತೆರೆಯುವ ಕಾನೂನು ಹುಟ್ಟಿದುದು ೧೮೮೦ರ ಡಿಸೆಂಬರಿನಲ್ಲಿ. ಸೆವ್ರ್ ವಿದ್ಯಾಲಯವು ಸ್ಥಾಪಿತವಾದುದು ೧೮೮೧ರಲ್ಲಿ. ಆಗ ಆನಾ ಎರಡು ಮೂರು ವರ್ಷದ ಮಗು, ಜಾನ್ ಮರೀ ಹದಿಮೂರು ದಾಟಿದ ಹುಡುಗಿ.

ಸೂಜಿಯ ಕೆಲಸವು ಹೀನವಾದುದಲ್ಲ. ಅದನ್ನು ನಾವೂ ಕಲಿಸುತ್ತೇವೆ. ಆದರೆ ಹಿರಿಯವಳಿಗೆ ಯಾವ ತಲಾಂತು ಅನುಗ್ರಹಿಸಲ್ಪಟ್ಟಿತ್ತೆಂಬುದನ್ನು ಇನ್ನು ಯಾರೂ ಅರಿಯಲಾರರು, ಏಕೆಂದರೆ ಆಕೆಯನ್ನು ಯಾರೂ ಪರೀಕ್ಷೆಗೆ ಕುಳ್ಳಿರಿಸಲಿಲ್ಲ. ಶಾಲೆಯ ಬಾಗಿಲು ತೆರೆದಿರುವಾಗಲೂ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ತಾಯಿತಂದೆಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ. ಗಳಿಸಿ ನೆಲೆನಿಂತ ಹಳೆಯ ವಿದ್ಯಾರ್ಥಿನಿಯರು ತಮ್ಮ ಊರಿನ ಪಾಠಶಾಲೆಯನ್ನು ಒಮ್ಮೆ ಸಂದರ್ಶಿಸಿ, ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತಿರುವ ಬಡ ಹುಡುಗಿಯನ್ನು ಹುಡುಕಿ ನೋಡಲಿ. ದ್ಯೂಬೊ ಅವರು ದೊಲೋಮ್ಯೂ ಹಳ್ಳಿಯಲ್ಲಿ ಮಾಡಿದುದು ಇಷ್ಟೇ.